ಚಿಕ್ಕ ಮೇಸ್ತ್ರಿಗೆ ಸಿಗದ ವಾಸನೆ

ಅಣ್ಣ ತೀರಿಕೊಂಡು ಇಪ್ಪತ್ತಮೂರು ದಿನವಾಗಿತ್ತು. ಸೋಮವಾರ ಬೆಳಗ್ಗೆ ಚಿಕ್ಕ ಮೇಸ್ತ್ರಿ ಗ್ಯಾರೇಜಿನ ಶಟರ್ ಎತ್ತಿದ, ಮೂರು ಟ್ಯೂಬ್‌ಲೈಟ್ ಹಾಕಿದ, ಕೈಗೆ ಸಿಕ್ಕ ಬಟ್ಟೆಯಿಂದ ಕೆಲಸದ ಮೇಜನ್ನು ಒರೆಸಿದ. ಮೇಜು ಆಗಲೇ ಚೊಕ್ಕಟವಾಗಿತ್ತು. ಮೂರು ವಾರದಿಂದ ಅದರ ಮೇಲೆ ಯಾರೂ ಏನೂ ಇಟ್ಟಿರಲಿಲ್ಲ. ಆದರೂ ಒರೆಸಿದ. ಕೈ ತಾನಾಗಿ ನಿಂತಾಗ ನಿಲ್ಲಿಸಿದ.

ಅವನಿಗೆ ಐವತ್ತನಾಲ್ಕು ವರ್ಷ, ತಲೆ ಅರ್ಧ ನರೆತಿತ್ತು. ಆದರೂ ಗಿರಾಕಿಗಳ ಬಾಯಲ್ಲಿ ಅವನು ಚಿಕ್ಕ ಮೇಸ್ತ್ರಿಯೇ, ಯಾಕೆಂದರೆ ಏಳು ವರ್ಷ ಹಿರಿಯನಾದ ಅಣ್ಣ ದೊಡ್ಡ ಮೇಸ್ತ್ರಿಯಾಗಿದ್ದ. ಗ್ಯಾರೇಜು ಇಬ್ಬರದೂ. ಅಣ್ಣನಿಗೆ ಮನೆ, ಹೆಂಡತಿ ಇದ್ದರು, ಮಕ್ಕಳಾಗಿರಲಿಲ್ಲ. ತಮ್ಮನೋ ಮದುವೆಯ ಗೊಡವೆಗೇ ಹೋಗಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಎರಡು ಹೊತ್ತಿನ ಊಟಕ್ಕೆ ಎರಡು ಬೀದಿ ಆಚೆಯ ಅಣ್ಣನ ಮನೆಗೆ ಹೋಗುತ್ತಿದ್ದ. ಮೂವತ್ತೆರಡು ವರ್ಷ ಅತ್ತಿಗೆಯ ಕೈಯಡುಗೆ ಉಂಡಿದ್ದ.

ಅಣ್ಣ ಸತ್ತದ್ದು ಗ್ಯಾರೇಜಿನಲ್ಲೇ, ಊಟಕ್ಕೆ ಹೊರಡುವ ಹೊತ್ತಿನಲ್ಲಿ, ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದಾಗ. ತಮ್ಮ ಆಗ ಎರಡು ಮಾರು ದೂರದಲ್ಲಿ ಒಂದು ಲಾರಿಯ ಅಡಿ ಮಲಗಿದ್ದ. ಆಸ್ಪತ್ರೆಯಲ್ಲಿ ಕಾಗದ ಬರೆಯುವವನು "ಸತ್ತವರಿಗೆ ನೀವು ಏನಾಗಬೇಕು?" ಎಂದು ಕೇಳಿದಾಗ ಇವನು "ಗ್ಯಾರೇಜು" ಎಂದುಬಿಟ್ಟಿದ್ದ. ಅವನು ಮತ್ತೊಮ್ಮೆ ಕೇಳಿದ. ಆಮೇಲೆ ಅತ್ತಿಗೆಯೇ "ತಮ್ಮ" ಎಂದು ಬರೆಸಿದರು. ಅವತ್ತಿನಿಂದ ಅವನಿಗೆ ಅಳುವೂ ಬಂದಿರಲಿಲ್ಲ, ಬೇರೇನೂ ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಮರಗಟ್ಟಿಸುವ ಮದ್ದು ಕೊಡುತ್ತಾರಲ್ಲ, ಮೈಪೂರ್ತಿ ಹಾಗಾಗಿತ್ತು. ಎಲ್ಲ ಇದ್ದಲ್ಲೇ ಇತ್ತು, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಅತ್ತಿಗೆಯ ಮನೆಗೆ ಊಟಕ್ಕೆ ಹೋಗುವುದನ್ನೂ ಬಿಟ್ಟಿದ್ದ. ಹೋಗಬಾರದೆಂದೇನಲ್ಲ. ಹೊತ್ತಾಗುತ್ತಿತ್ತು, ಕಾಲು ಏಳುತ್ತಿರಲಿಲ್ಲ, ಅಷ್ಟೇ.

ಶಟರ್ ಎತ್ತಿ ಅರ್ಧ ಗಂಟೆಯಾಗಿರಲಿಲ್ಲ, ವ್ಯಾನಮ್ಮ ಬಂದಳು. ಅವಳ ನಿಜವಾದ ಹೆಸರು ಗ್ಯಾರೇಜಿನ ಪುಸ್ತಕದಲ್ಲೂ ಇರಲಿಲ್ಲ. ಇಪ್ಪತ್ತೊಂದು ವರ್ಷ ಹಳೆಯ ಡೀಸೆಲ್ ವ್ಯಾನ್ ಅವಳದು. ಬೆಳಗ್ಗೆ ಹನ್ನೊಂದು ಮಂದಿ ಮುದುಕ ಮುದುಕಿಯರನ್ನು ಮನೆಮನೆಯಿಂದ ಹತ್ತಿಸಿಕೊಂಡು ಹಗಲು ಆರೈಕೆಯ ಕೇಂದ್ರಕ್ಕೆ ಬಿಡುವುದು, ಸಂಜೆ ವಾಪಸು ತಲುಪಿಸುವುದು, ಇದೇ ಅವಳ ಕೆಲಸ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಯಾರಾದರೂ ತಡಮಾಡಿದರೆ ಹಾರ್ನ್ ಹೊಡೆಯುವವಳಲ್ಲ, ಇಳಿದು ಹೋಗಿ ಕೈಹಿಡಿದು ಕರೆತರುವವಳು.

"ಮೇಸ್ತ್ರೀ, ಇದಕ್ಕೆ ಬಾಯಾರಿಕೆ ಹತ್ಕೊಂಡಿದೆ," ಎಂದಳು. "ಎರಡು ದಿನಕ್ಕೆ ಒಂದು ಲೀಟರ್ ಕುಡೀತಾ ಇದೆ. ನೀರಿನ ಟ್ಯಾಂಕ್ ಹತ್ರ ಏರು ಇದೆಯಲ್ಲ, ಅಲ್ಲಿ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗುತ್ತೆ. ಕೆಳಗೆ ಬಗ್ಗಿ ನೋಡಿದ್ರೆ ಒಂದು ಹನಿ ಇಲ್ಲ."

"ಎಷ್ಟು ದಿನದಿಂದ?"

"ಒಂದು ತಿಂಗಳಾಗಿರ್ಬೇಕು. ದೊಡ್ಡೋರಿಗೆ ತೋರಿಸೋಣ ಅಂತಿದ್ದೆ, ಅಷ್ಟ್ರಲ್ಲಿ..." ಅವಳು ಅಲ್ಲಿಗೆ ನಿಲ್ಲಿಸಿದಳು.

"ಹೂಂ," ಎಂದ ಅವನು.

ಎಂಜಿನ್ ಆರುವವರೆಗೆ ಕಾದು ಬಾನೆಟ್ ಎತ್ತಿದ. ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆದ. ಒಳಗೆ ಎಂಜಿನ್ನನ್ನು ತಂಪಾಗಿಡುವ ಹಸಿರು ಕೂಲೆಂಟ್ ಎರಡು ಬೆರಳು ಕೆಳಗಿತ್ತು. ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು. ಮೇಲಿನ ಹೋಸ್ ಪೈಪಿನ ಕ್ಲಾಂಪಿನ ಸುತ್ತ ಉಪ್ಪಿನಂಥ ಬಿಳಿ ಹೊಪ್ಪಳೆ ಕಟ್ಟಿತ್ತು. ಕೂಲೆಂಟ್ ಜಿನುಗಿ ಒಣಗಿದ ಕಡೆ ಹಾಗಾಗುತ್ತದೆ. ಎರಡು ತಪ್ಪು ಕಣ್ಣೆದುರೇ ಸಿಕ್ಕಮೇಲೆ ಮೂರನೆಯದನ್ನು ಯಾರು ಹುಡುಕುತ್ತಾರೆ? ಮುಚ್ಚಳ ಬದಲಿಸಿದ, ಪೈಪು ಬದಲಿಸಿದ, ಹೊಸ ಕ್ಲಾಂಪು ಬಿಗಿದ, ಕೂಲೆಂಟ್ ತುಂಬಿಸಿ ಕಳಿಸಿಕೊಟ್ಟ. ಇಡೀ ಕೆಲಸದಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ.

ಅಣ್ಣನಿದ್ದರೆ ಇಪ್ಪತ್ತು ಕೇಳುತ್ತಿದ್ದ. ಗಾಡಿ ಬಂದರೆ ಮೊದಲು ಗಾಡಿಯ ಯಜಮಾನನನ್ನು ಬಿಚ್ಚಿ ನೋಡುತ್ತಿದ್ದವನು ಅವನು. ಎಲ್ಲಿ ನಿಲ್ಲಿಸ್ತೀರಿ, ಯಾರು ಓಡಿಸ್ತಾರೆ, ಕಿಟಕಿ ತೆಗೆದಿರ್ತೀರಾ, ಹಿಂದಿನ ಸೀಟಲ್ಲಿ ಯಾರಿಗಾದ್ರೂ ತಲೆನೋವು ಬರುತ್ತಾ. ಕೇಳುತ್ತ ಕೇಳುತ್ತ ಬಾಗಿಲು ತೆಗೆದು ಒಳಗೆ ಬಗ್ಗಿ ಮೂಸುತ್ತಿದ್ದ. ದೊಡ್ಡ ಮೇಸ್ತ್ರಿ ಎಲ್ಲದಕ್ಕೂ ಮೂಗು ತೂರಿಸುವವನು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅವನು ನಿಜವಾಗಿಯೂ ತೂರಿಸುತ್ತಿದ್ದ. ಆ ಕೆಲಸ ಅವನ ಪಾಲಿಗೆ ಬಂದಿದ್ದಕ್ಕೆ ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ತಮ್ಮನಿಗೆ ಬಂದ ಒಂದು ಕೆಟ್ಟ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನು ಎತ್ತಿಕೊಂಡು ಹೋಗಿತ್ತು. ಪೆಟ್ರೋಲು, ಸುಟ್ಟ ವೈರು, ಹೊಸ ಟೈರು, ಎಲ್ಲ ಅವನಿಗೆ ಒಂದೇ. "ಒಂದು ಗ್ಯಾರೇಜಿಗೆ ಎರಡು ಮೂಗು ಯಾಕೋ? ನಿನ್ನ ಪಾಲಿಂದೂ ನಾನೇ ಮೂಸ್ತೀನಿ ಬಿಡು," ಎಂದಿದ್ದ ಅಣ್ಣ. ಅಲ್ಲಿಂದ ಮುಂದೆ ಕೇಳುವುದು, ಮೂಸುವುದು ಅಣ್ಣನದು, ಬಿಚ್ಚುವುದು, ಕಟ್ಟುವುದು ತಮ್ಮನದು.

ಬುಧವಾರ ಬೆಳಗ್ಗೆ ವ್ಯಾನ್ ಮತ್ತೆ ಏರಿನಲ್ಲಿ ನಿಂತಿತು. ಹನ್ನೊಂದು ಮಂದಿಯನ್ನು ಬೇರೆ ಎರಡು ಗಾಡಿಗಳಲ್ಲಿ ಕೂಡಿಸಿ ಕಳಿಸಿ, ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ತುಂಬಿಸಿಕೊಂಡು, ವ್ಯಾನಮ್ಮ ಮೆಲ್ಲಗೆ ಓಡಿಸಿಕೊಂಡು ಬಂದಳು. ಜಗಳಕ್ಕೇನೂ ಬರಲಿಲ್ಲ. ಕೀಲಿ ಮೇಜಿನ ಮೇಲಿಟ್ಟಳು.

"ಮೇಸ್ತ್ರೀ, ಒಬ್ಬ ಅಜ್ಜಿ ರಸ್ತೆ ಬದೀಲಿ ಮುಕ್ಕಾಲು ಗಂಟೆ ನಿಂತಿದ್ರು. ಅವರ ಕಾಲು ಹೇಗೆ ಊದಿದೆ ಅಂತ ನೀವು ನೋಡ್ಬೇಕಿತ್ತು."

ಅವನಿಗೆ ನಾಚಿಕೆಯಾಗಬೇಕಿತ್ತು. ಆಗಬೇಕೆಂಬುದು ಗೊತ್ತಿತ್ತು. "ತಪ್ಪು ನಂದೇ," ಎಂದ. ಮಾತು ತನ್ನ ಬಾಯಿಂದಲೇ ಬಂದದ್ದಾದರೂ ಬೇರೆ ಯಾರೋ ಹೇಳಿದಂತೆ ಕೇಳಿಸಿತು.

ಈ ಸಲ ಕ್ರಮವಾಗಿ ಮಾಡಿದ. ಎಂಜಿನ್ ಪೂರ್ತಿ ಆರಲು ಬಿಟ್ಟ. ಮುಚ್ಚಳದ ಜಾಗಕ್ಕೆ ಒತ್ತಡ ನೋಡುವ ಕೈಪಂಪನ್ನು ಸಿಕ್ಕಿಸಿದ. ಸೈಕಲ್ಲಿಗೆ ಗಾಳಿ ಹೊಡೆದಂತೆ ಹೊಡೆದರೆ ಒಳಗೆ ಒತ್ತಡ ಏರುತ್ತದೆ. ಎಲ್ಲೂ ತೂತಿಲ್ಲದಿದ್ದರೆ ಪಂಪಿನ ಮುಳ್ಳು ಏರಿದಲ್ಲೇ ನಿಲ್ಲಬೇಕು. ಮುಳ್ಳು ನಿಲ್ಲಲಿಲ್ಲ. ಹತ್ತು ನಿಮಿಷದಲ್ಲಿ ಮೂರನೇ ಒಂದು ಪಾಲು ಇಳಿಯಿತು. ಅಂದರೆ ಎಲ್ಲೋ ಹೊರಗೆ ಹೋಗುತ್ತಿದೆ. ಟಾರ್ಚ್ ಹಿಡಿದು ರೇಡಿಯೇಟರಿನ ಸಾಲು ಸಾಲು ನೋಡಿದ, ಒಣಗಿತ್ತು. ಎಲ್ಲ ಪೈಪುಗಳನ್ನು ಬೆರಳಿಂದ ಸವರಿದ, ಒಣ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತಿರುತ್ತದೆ, ಪಂಪಿನ ಸೀಲು ಹೋದರೆ ಅಲ್ಲಿ ಜಿನುಗುತ್ತದೆ. ಅಲ್ಲಿಗೆ ಕಾಗದದ ಚೂರು ಒತ್ತಿ ಹಿಡಿದ. ಕಾಗದ ಒಣಗಿಯೇ ಬಂತು.

ಉಳಿದದ್ದು ಕೆಟ್ಟ ಸಾಧ್ಯತೆ. ಎಂಜಿನ್ನಿನ ತಲೆಗೂ ಮೈಗೂ ನಡುವಿನ ಪದರ, ಹೆಡ್ ಗ್ಯಾಸ್ಕೆಟ್, ಹೋಗಿದ್ದರೆ ಕೂಲೆಂಟ್ ಹೊರಗೆ ಬೀಳದೆ ಎಂಜಿನ್ನಿನೊಳಗೇ ಸೋರುತ್ತದೆ. ಆಯಿಲ್ ನೋಡುವ ಕಡ್ಡಿ ಎಳೆದ. ನೀರು ಬೆರೆತಿದ್ದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರಬೇಕಿತ್ತು. ಕಪ್ಪಗೇ ಇತ್ತು. ಎಂಜಿನ್ ಚಾಲೂ ಮಾಡಿ ಸೈಲೆನ್ಸರ್ ನೋಡಿದ, ಬಿಳಿ ಹೊಗೆಯಿಲ್ಲ. ರೇಡಿಯೇಟರಿನ ಬಾಯಲ್ಲಿ ಗುಳ್ಳೆಯೂ ಇಲ್ಲ. ಹೊರಗೂ ಇಲ್ಲ, ಒಳಗೂ ಇಲ್ಲ. ಆದರೆ ಹೋಗುತ್ತಿದೆ.

"ಹೆಡ್ ಬಿಚ್ಚಿ ನೋಡ್ಬೇಕಾಗ್ಬಹುದು," ಎಂದ. "ನಾಲ್ಕು ದಿನ ಆಗುತ್ತೆ."

"ನಾಲ್ಕು ದಿನ ಆ ಹನ್ನೊಂದು ಜನಾನ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?" ವ್ಯಾನಮ್ಮ ಸುಸ್ತಾಗಿ ಕೇಳಿದಳು. "ನೋಡಿ ಮೇಸ್ತ್ರೀ, ಇನ್ನೊಂದ್ಸಲ ನೋಡಿ. ನಾನು ಕೇಂದ್ರಕ್ಕೆ ಹೋಗಿ ಸಂಜೆಗೆ ಬೇರೆ ಗಾಡಿ ಹೊಂದಿಸಿ ಬರ್ತೀನಿ."

ಅವಳು ಹೋದಮೇಲೆ ಎಂಜಿನ್ ಆರಿಸಿ, ಅದು ತಣ್ಣಗಾಗುವವರೆಗೆ ಸುಮ್ಮನೆ ಕೂತಿದ್ದ. ಆಮೇಲೆ ಮತ್ತೆ ಪಂಪು ಸಿಕ್ಕಿಸಿ ಒತ್ತಡ ಏರಿಸಿ, ಮುಳ್ಳು ಇಳಿಯುವುದನ್ನು ನೋಡುತ್ತ ನಿಂತ. ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ತಿಳಿಯದು. ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಅತ್ತಿಗೆ ಬಂದಿದ್ದರು, ಕೈಯಲ್ಲಿ ಮೂರು ಅಂತಸ್ತಿನ ಊಟದ ಡಬ್ಬಿ.

"ನಿಮ್ಮಣ್ಣ ಹೋದ್ರು ಅಂತ ನಾನು ಒಲೆ ಆರಿಸಿಲ್ಲ," ಎಂದರು. "ದಿನಾ ಎರಡು ಹಿಡಿ ಜಾಸ್ತಿ ಬೀಳ್ತಾ ಇದೆ, ಕೈ ಅಳತೆ ಬದಲಾಗಲ್ಲ. ಮಾರನೇ ದಿನ ನಾನೇ ತಿನ್ನಬೇಕು. ನೀನು ಬರಲ್ಲ ಅಂದ್ರೆ ಡಬ್ಬಿನೇ ಬರುತ್ತೆ."

"ಬರ್ಬೇಕು ಅಂತಾನೇ ಇದ್ದೆ ಅತ್ತಿಗೆ."

"ಅಂತಾನೇ ಇರು." ಅವರು ಅತ್ತಿತ್ತ ನೋಡಿದರು. ಗ್ಯಾರೇಜಿನಲ್ಲಿ ಕೂರಲು ಇದ್ದದ್ದು ಗೋಡೆಯ ಬದಿಯ ಆ ಸ್ಟೂಲು ಒಂದೇ. ಅದರ ಕಡೆ ಅವರು ಹೋಗಲಿಲ್ಲ. ವ್ಯಾನಿನ ಮುಂದಿನ ಎಡಬಾಗಿಲು ತೆರೆದಿತ್ತು. ಮೊಣಕಾಲು ಹಿಡಿದುಕೊಂಡು ಹತ್ತಿ ಆ ಸೀಟಿನಲ್ಲಿ ಕೂತರು. "ತಿನ್ನು. ಡಬ್ಬಿ ತಗೊಂಡೇ ಹೋಗ್ತೀನಿ."

ಅವನು ಕೈತೊಳೆದು ಬಂದು, ಬಂಪರಿನ ಮೇಲೆ ಡಬ್ಬಿ ಬಿಚ್ಚಿಟ್ಟು ನಿಂತೇ ತಿಂದ. ನಾಲ್ಕು ತುತ್ತಾಗುವಷ್ಟರಲ್ಲಿ ಒಳಗಿನಿಂದ ಅತ್ತಿಗೆಯ ದನಿ ಬಂತು.

"ಇದು ಅವರು ರಿಪೇರಿ ಮಾಡ್ತಿದ್ದ ಗಾಡಿನಾ?"

"ಇಲ್ಲ. ಅಣ್ಣ ಇದನ್ನ ಮುಟ್ಟಿ ಆರು ತಿಂಗಳಾಯ್ತು. ಯಾಕೆ?"

"ಇಲ್ಲಿ ಅವರ ವಾಸನೆ ಇದೆ."

ಅವನು ತಿನ್ನುವುದನ್ನು ನಿಲ್ಲಿಸಿದ. ಪಾಪ, ಅವರಿಗೂ ಹೀಗಾಗುತ್ತಿದೆ ಎಂದುಕೊಂಡ. ಇಂಥ ಹೊತ್ತಿನಲ್ಲಿ ಏನಾದರೂ ಸಮಾಧಾನ ಹೇಳಬೇಕು. ಕೈಯ ತುತ್ತನ್ನು ಡಬ್ಬಿಗೆ ವಾಪಸು ಇಟ್ಟ.

"ನಂಗೆ ತಲೆ ಕೆಟ್ಟಿದೆ ಅನ್ಕೋಬೇಡ," ಎಂದರು ಅತ್ತಿಗೆ. "ನಿಜವಾಗ್ಲೂ ಇದೆ. ಅವರ ಕೆಲಸದ ಅಂಗಿಯಿಂದ ಬರ್ತಿತ್ತಲ್ಲ, ಅದೇ. ಮದುವೆಯಾದ ಹೊಸದ್ರಲ್ಲಿ, ಇದೇನಪ್ಪಾ ಈ ಗಂಡಸು ಮಿಠಾಯಿ ಅಂಗಡಿ ಥರ ವಾಸನೆ ಬರ್ತಾರೆ ಅಂತ ನಗು ಬರ್ತಿತ್ತು. ಕೇಳೋಕೆ ನಾಚಿಕೆ. ಆಮೇಲೆ ಅದು ಅವರ ಮೈವಾಸನೆನೇ ಅಂತ ಬಿಟ್ಟೆ."

"ಮಿಠಾಯಿ ಅಂದ್ರೆ ಹೇಗೆ?"

"ಸಿಹಿ. ಸಕ್ಕರೆ ಪಾಕ ತಳ ಹಿಡಿಯೋಕೆ ಮುಂಚೆ ಬರುತ್ತಲ್ಲ, ಹಾಗೆ. ಜೊತೆಗೆ ಒದ್ದೆ ಬಟ್ಟೆ."

ಅವನು ಡಬ್ಬಿಯನ್ನು ಅಲ್ಲೇ ಬಿಟ್ಟು ಬಾಗಿಲ ಹತ್ತಿರ ಹೋದ. "ಅತ್ತಿಗೆ, ಕಾಲು ಸ್ವಲ್ಪ ಎತ್ತಿ."

ಅವರ ಪಾದದ ಕೆಳಗಿನ ರಬ್ಬರ್ ಮ್ಯಾಟನ್ನು ಸರಿಸಿ ಅದರಡಿಯ ಕಾರ್ಪೆಟ್ಟಿಗೆ ಅಂಗೈ ಒತ್ತಿದ. ಬೆರಳ ಸಂದಿಯಲ್ಲಿ ತೇವ ಮೇಲೆದ್ದು ಬಂತು. ಹೆಬ್ಬೆರಳಿಗೆ ತೋರುಬೆರಳು ತೀಡಿದ. ನೀರಲ್ಲ, ಜಾರುತ್ತಿತ್ತು, ಸೋಪಿನ ಹಾಗೆ. ತಲೆ ಒಳಗೆ ತೂರಿಸಿ ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಬಿಟ್ಟ. ಕಪ್ಪು ಪೆಟ್ಟಿಗೆಯೊಂದರ ಮೂಲೆಯಲ್ಲಿ ಹಸಿರು ಹನಿ ತೂಗುತ್ತಿತ್ತು. ಅವನು ನೋಡುತ್ತಿದ್ದಂತೆ ಅದು ಕಳಚಿ ಕಾರ್ಪೆಟ್ಟಿನಲ್ಲಿ ಸದ್ದಿಲ್ಲದೆ ಇಂಗಿತು. ಇನ್ನೊಂದು ಹನಿ ಕಟ್ಟತೊಡಗಿತು.

"ಹೀಟರ್," ಎಂದ.

"ಏನದು?"

"ಗಾಡಿ ಒಳಗೆ ಬೆಚ್ಚಗಿರೋಕೆ ಇಲ್ಲೊಂದು ಮರಿ ರೇಡಿಯೇಟರ್ ಇರುತ್ತೆ. ಎಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೂ ಓಡಾಡುತ್ತೆ. ಅದು ತೂತಾಗಿದೆ. ಅದಕ್ಕೇ ಕೆಳಗೆ ಬೀಳ್ತಿಲ್ಲ, ಎಲ್ಲಾ ಇಲ್ಲಿ ಹೀರ್ಕೊಳ್ತಾ ಇದೆ. ಆ ವಾಸನೆ ಕೂಲೆಂಟಿಂದು, ಅತ್ತಿಗೆ. ಬಿಸಿ ಕೂಲೆಂಟ್ ಸಿಹಿ ವಾಸನೆ ಬರುತ್ತೆ. ನಂಗೆ ಮರೆತೇಹೋಗಿತ್ತು."

ಅತ್ತಿಗೆ ಬಗ್ಗಿ ಕಾರ್ಪೆಟ್ಟಿನ ತೇವ ನೋಡಿದರು. "ಹಾಗಾದ್ರೆ ಅದು ಅವರದಲ್ಲ," ಎಂದರು.

"ಅವರ ಅಂಗಿಗೆ ದಿನಾ ಬೀಳ್ತಿತ್ತು."

"ಹೂಂ."

ಮಧ್ಯಾಹ್ನ ವ್ಯಾನಮ್ಮ ಬಂದಾಗ ಅವನು ಸೋಮವಾರವೇ ಕೇಳಬೇಕಿದ್ದುದನ್ನು ಕೇಳಿದ. ಮುಂದಿನ ಗಾಜಿನ ಒಳಮೈ ಮಂಜಾಗುತ್ತಿತ್ತಾ?

"ದಿನಾ ಒರೆಸೋದೇ ಕೆಲಸ. ಜಿಡ್ಡು ಜಿಡ್ಡಾಗಿರುತ್ತೆ. ಹನ್ನೊಂದು ಜನ ಒಳಗೆ ಉಸಿರಾಡ್ತಾರಲ್ಲ, ಅದಕ್ಕೆ ಅಂದ್ಕೊಂಡಿದ್ದೆ. ಒಬ್ಬ ತಾತನಿಗೆ ಬಾಯಲ್ಲಿ ಎಣ್ಣೆ ಮುಕ್ಕಳಿಸೋ ಚಿಕಿತ್ಸೆ ಬೇರೆ ನಡೀತಾ ಇದೆ, ಅವರ ಮೇಲೇ ಅನುಮಾನ ಇತ್ತು ನಂಗೆ."

"ವಾಸನೆ?"

"ಮುದುಕರ ಗಾಡಿ ಮೇಸ್ತ್ರೀ. ಒಂದೊಂದು ಸೀಟಿಗೆ ಒಂದೊಂದು ಮುಲಾಮು. ಎಷ್ಟು ಅಂತ ಮೂಸಲಿ?"

ಹೊಸ ಮರಿ ರೇಡಿಯೇಟರ್ ತರಿಸಬೇಕು, ಶನಿವಾರ ಬೆಳಗ್ಗೆ ಬರುತ್ತದೆ. ಅಲ್ಲಿಯವರೆಗೆ ಗಾಡಿ ನಿಲ್ಲಿಸಬೇಕಿಲ್ಲ. ಹೀಟರಿಗೆ ಹೋಗುವ ಪೈಪು, ಬರುವ ಪೈಪು ಎರಡನ್ನೂ ಬಾನೆಟ್ಟಿನ ಕಡೆಯಿಂದ ಕಳಚಿ ಒಂದಕ್ಕೊಂದು ಜೋಡಿಸಿಬಿಟ್ಟರೆ ಕೂಲೆಂಟ್ ಆ ಕಡೆ ಹೋಗುವುದೇ ಇಲ್ಲ. ಸೋರುವುದೂ ಇಲ್ಲ, ಬೆಚ್ಚಗಾಗುವುದೂ ಇಲ್ಲ. "ಹಾಗೇ ಬಿಟ್ಟುಬಿಡಬಹುದಲ್ಲ?" ಎಂದು ಅತ್ತಿಗೆ ಕೇಳಿದರು. ಬೆಳಗಿನ ಚಳಿಗೆ ಹನ್ನೊಂದು ಮಂದಿಯ ಮಂಡಿ ಕೇಳಬೇಕಲ್ಲ ಎಂದಳು ವ್ಯಾನಮ್ಮ. ಎರಡು ದಿನವಾದರೆ ಕಂಬಳಿ ಹೊದಿಸಿ ನಿಭಾಯಿಸುತ್ತಾಳೆ.

ಅವನು ಪೈಪು ಜೋಡಿಸಿ ಮುಗಿಸಿದ. ಆಮೇಲೆ ಮುಂದಿನ ಸೀಟು ಬಿಚ್ಚಿ ಕಾರ್ಪೆಟ್ಟನ್ನು ಸುರುಳಿ ಸುತ್ತಿ ಹೊರಗೆಳೆದ. ಒದ್ದೆಯಾಗಿ ಹೆಣಭಾರವಾಗಿತ್ತು. ಗ್ಯಾರೇಜಿನ ಎದುರಿನ ಸಿಮೆಂಟು ನೆಲದ ಮೇಲೆ ಹರಡಿದ. ಅತ್ತಿಗೆ ಬಂದು ಅದರ ಪಕ್ಕ ನಿಂತರು.

"ಇದನ್ನ ತೊಳೀಲೇಬೇಕಾ?"

"ತೊಳೀಬೇಕು ಅತ್ತಿಗೆ. ಸಿಹಿ ಅಂತ ಅನ್ಸಿದ್ರೂ ವಿಷ ಅದು. ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ. ಅದನ್ನ ಉಸಿರಾಡ್ತಾ ಕೂರೋದೂ ಒಳ್ಳೇದಲ್ಲ."

"ಹೌದಾ," ಎಂದರು ಅವರು. ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಬಕೆಟ್ ಕೊಡು."

"ನಾನು ತೊಳೀತೀನಿ."

"ನಿಂಗೆ ಹೋಯ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ? ಕೊಡು."

ಅವನು ರಬ್ಬರ್ ಕೈಗವಸು, ಬಕೆಟ್ಟು, ಸೋಪಿನ ಪುಡಿ, ಗಟ್ಟಿ ಬ್ರಷ್ ತಂದುಕೊಟ್ಟ. ಸೋಪಿನ ನೀರು ಚರಂಡಿಗೆ ಹೋಗದಂತೆ ಹಳೆಯ ಟಬ್ಬೊಂದನ್ನು ಇಳಿಜಾರಿಗೆ ಇಟ್ಟ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಉಜ್ಜಿದರು. ಒಮ್ಮೆ ಉಜ್ಜಿ ನೀರು ಹೊಯ್ದು, ಬಗ್ಗಿ ಮೂಸಿ ನೋಡಿ, ಮತ್ತೆ ಉಜ್ಜಿದರು. ಐದು ಬಕೆಟ್ ನೀರಾಯಿತು. ಐದನೆಯದಾದ ಮೇಲೆ ಮೂಸಿ, ಬ್ರಷ್ ಕೆಳಗಿಟ್ಟು ಎದ್ದರು. ಇಬ್ಬರೂ ಸೇರಿ ಎರಡು ತುದಿ ಹಿಡಿದು ಹಿಂಡಿ ಕಾಂಪೌಂಡಿನ ಮೇಲೆ ಹರವಿದರು. ಅತ್ತಿಗೆ ಡಬ್ಬಿ ಎತ್ತಿಕೊಂಡು ಮನೆಗೆ ಹೋದರು. ಅಳಲಿಲ್ಲ. ಅವನೂ ಅಳಲಿಲ್ಲ. ಅವರು ಬೀದಿಯ ತಿರುವಿನವರೆಗೆ ಹೋಗುವುದನ್ನು ನೋಡುತ್ತ, ಇವರ ಸೊಂಟ ಯಾವಾಗ ಇಷ್ಟು ಬಗ್ಗಿತು ಎಂದು ಯೋಚಿಸಿದ. ಎಷ್ಟೋ ದಿನದ ಮೇಲೆ ಅವನಿಗೆ ತಾನಾಗಿ ಬಂದ ಮೊದಲ ಯೋಚನೆ ಅದು.

ಶನಿವಾರ ಬೆಳಗ್ಗೆ ಮರಿ ರೇಡಿಯೇಟರ್ ಬಂತು, ಕೈಪುಸ್ತಕದಷ್ಟು ದಪ್ಪ, ಪೈಪು ಸಿಕ್ಕಿಸಲು ಎರಡು ಮೂಗುಳ್ಳ ಅಲ್ಯೂಮಿನಿಯಂ ತುಂಡು. ಅದರ ಹಿಂದೆಯೇ ಅತ್ತಿಗೆ ಬಂದರು.

"ಮನೇಲಿ ಕೂತು ಗಡಿಯಾರ ನೋಡೋದಕ್ಕಿಂತ ಇದೇ ವಾಸಿ," ಎಂದರು. "ಏನಾದ್ರೂ ಹಿಡ್ಕೊಳ್ಳೋದಿದ್ರೆ ಹೇಳು."

ಹಿಡಿದುಕೊಳ್ಳುವುದು ಬೇಕಾದಷ್ಟಿತ್ತು. ಹಳೆಯ ಗಾಡಿಗಳಲ್ಲಿ ಹೀಟರನ್ನು ಮೊದಲು ಇಟ್ಟು ಅದರ ಸುತ್ತ ಗಾಡಿ ಕಟ್ಟುತ್ತಾರೇನೋ ಎನ್ನಿಸುವ ಹಾಗಿರುತ್ತದೆ. ಬ್ಯಾಟರಿಯ ವೈರು ಕಳಚಿ, ಡ್ಯಾಶ್‌ಬೋರ್ಡಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಎಲ್ಲಿಯದು ಎಲ್ಲಿಗೆ ಎಂಬುದು ಕಲಸಿಹೋಗದಂತೆ ಅತ್ತಿಗೆ ತಾವು ತಿಂಡಿ ತಂದು ಖಾಲಿಯಾಗಿದ್ದ ಡಬ್ಬಿಯ ಮುಚ್ಚಳ, ತಳ, ನಡುವಿನ ತಟ್ಟೆಗಳಲ್ಲಿ ಬೇರೆಬೇರೆಯಾಗಿ ಹಾಕಿಟ್ಟರು. "ಇದು ಗಾಜಿನ ಕಡೇದು, ಇದು ಬಾಗಿಲ ಕಡೇದು, ಇದು ನೀನು ಬೈದುಕೊಂಡು ತೆಗೆದದ್ದು," ಎಂದು ಲೆಕ್ಕ ಒಪ್ಪಿಸಿದರು. ಅವನ ತುಟಿಯ ಮೂಲೆ ಸ್ವಲ್ಪ ಅಲುಗಿತು.

ಡ್ಯಾಶ್‌ಬೋರ್ಡ್ ಸಡಿಲವಾದ ಮೇಲೆ ಅದರಡಿಗೆ ಮಲಗಿ ತಲೆ ತೂರಿಸಿದ. ಪೆಟ್ಟಿಗೆಯನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಮೂರು ಬಂದವು. ನಾಲ್ಕನೆಯದಕ್ಕೆ ಅಳತೆ ಬೇರೆ. ಕತ್ತಲಲ್ಲಿ ಮೇಲೆ ನೋಡುತ್ತ ಕೈಯನ್ನು ಹೊರಗೆ ಚಾಚಿದ.

"ಹನ್ನೆರಡು ನಂಬರ್ ಸ್ಪ್ಯಾನರ್."

ಮಾತು ಮುಗಿಯುವ ಮುಂಚೆ ಸ್ಪ್ಯಾನರ್ ಅಂಗೈಯಲ್ಲಿತ್ತು. ಅವನು ಅದನ್ನು ಹಿಡಿದುಕೊಂಡು ಹಾಗೇ ಮಲಗಿದ. ಬೋಲ್ಟಿನ ಕಡೆ ಕೈ ಹೋಗಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು.

"ಏನಾಯ್ತು? ಸಿಕ್ಕಿಹಾಕ್ಕೊಂಡ್ಯಾ?" ಅತ್ತಿಗೆ ಬಗ್ಗಿ ಕೇಳಿದರು.

"ಅವತ್ತೂ ಇದನ್ನೇ ಕೇಳಿದ್ದೆ," ಎಂದ. ಡ್ಯಾಶ್‌ಬೋರ್ಡಿನ ಅಡಿಯಿಂದ ಅವನ ದನಿ ಡಬ್ಬಿಯೊಳಗಿನಿಂದ ಬಂದಂತಿತ್ತು. "ಲಾರಿ ಅಡಿ ಇದ್ದೆ. ಹನ್ನೆರಡು ನಂಬರ್ ಕೊಡು ಅಂದೆ. ಕೊಡಲಿಲ್ಲ. ಮತ್ತೆ ಕೇಳಿದೆ. ಮೂರನೇ ಸಲ ಕೂಗಾಡಿದೆ. ಕಿವಿಗೆ ಸೀಸ ಸುರ್ಕೊಂಡಿದ್ದೀಯಾ, ಕೂತಲ್ಲೇ ಬೇರು ಬಿಟ್ಕೋ, ನಿನ್ನ ನಂಬ್ಕೊಂಡು ಕೆಲಸ ಮಾಡೋದಕ್ಕಿಂತ ಕಲ್ಲು ನಂಬ್ಕೊಳ್ಳೋದು ಮೇಲು ಅಂತೆಲ್ಲ ಅಂದೆ. ಆಮೇಲೆ ನಾನೇ ತಗೊಳ್ಳೋಣ ಅಂತ ಹೊರಗೆ ಬಂದೆ. ಬಂದ್ರೆ..."

ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿ ಹೋಯಿತು. ಅದರ ಸದ್ದು ಅಡಗಿತು.

"ಯಾರಿಗೂ ಹೇಳಿರ್ಲಿಲ್ಲ," ಎಂದ.

ಅತ್ತಿಗೆ ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಅವನ ಮುಖ ಅವರಿಗೆ ಕಾಣುತ್ತಿರಲಿಲ್ಲ, ಕಾಲುಗಳಷ್ಟೇ ಕಾಣುತ್ತಿದ್ದವು.

"ದಿನಾ ಬೈತಿದ್ದೆ ತಾನೇ?" ಎಂದು ಕೇಳಿದರು.

"ಹೂಂ."

"ಅವರೂ ಮನೆಗೆ ಬಂದು ಹೇಳೋರು, ಇವತ್ತು ತಮ್ಮನ ಬಾಯಿ ಇಷ್ಟುದ್ದ ಇತ್ತು ಅಂತ. ನೀನು ಬೈಯದೆ ಇದ್ದ ದಿನ ಗಾಬರಿ ಆಗೋರು. ಒಂದ್ಸಲ ನೀನು ಎರಡು ದಿನ ಮೆತ್ತಗೆ ಮಾತಾಡ್ದೆ ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಾ ಅಂತ ನನ್ನ ಕೇಳಿದ್ರು. ಅವತ್ತು ಅವರಿಗೆ ಕೇಳಿಸಿತ್ತೋ ಇಲ್ವೋ ನಂಗೊತ್ತಿಲ್ಲ. ಕೇಳಿಸಿದ್ರೆ, ಎಲ್ಲಾ ಸರಿಯಾಗಿದೆ ಅಂದ್ಕೊಂಡೇ ಹೋಗಿರ್ತಾರೆ."

ಅವನ ಕಣ್ಣಿನ ಮೂಲೆಯಿಂದ ಏನೋ ಇಳಿದು ಕಿವಿಗೆ ಹೋಯಿತು. ಮೊದಲು ಕೂಲೆಂಟೆಂದೇ ತಿಳಿದು ಕೈಯಿಂದ ಒರೆಸಿ ಬೆರಳು ತೀಡಿ ನೋಡಿದ. ಜಾರುತ್ತಿರಲಿಲ್ಲ. ಹೆಚ್ಚೇನೂ ಬರಲಿಲ್ಲ, ಒಂದೆರಡು ಹನಿ ಅಷ್ಟೇ. ಎದೆಯ ಭಾರ ಇಳಿದಂತೇನೂ ಆಗಲಿಲ್ಲ. ಆದರೆ ಬೆನ್ನಿನ ಅಡಿಯ ತಗಡು ತಣ್ಣಗಿದೆ, ಚುಚ್ಚುತ್ತಿದೆ ಎಂಬುದು ಗೊತ್ತಾಯಿತು.

ಸ್ಪ್ಯಾನರ್ ಸಿಕ್ಕಿಸಿ ನಾಲ್ಕನೆಯ ಬೋಲ್ಟನ್ನು ತಿರುಗಿಸಿದ.

ಹಳೆಯ ಮರಿ ರೇಡಿಯೇಟರನ್ನು ಹೊರಗೆ ತೆಗೆದಾಗ ತಪ್ಪು ಎದ್ದು ಕಾಣುತ್ತಿತ್ತು. ಪೈಪು ಒಳಹೋಗುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಪಾಚಿಯಂಥ ಹಸಿರು. "ಇಷ್ಟಕ್ಕೆ ಇಷ್ಟೆಲ್ಲಾನಾ?" ಎಂದರು ಅತ್ತಿಗೆ. ಹೊಸದನ್ನು ಕೂರಿಸಿ, ಹೊಸ ಕ್ಲಾಂಪು ಬಿಗಿದು, ಮೂರು ತಟ್ಟೆಯ ಸ್ಕ್ರೂಗಳನ್ನು ಹಿಂತಿರುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಒಂದು ಸ್ಕ್ರೂ ಮಿಕ್ಕಿತು. ಎಷ್ಟು ಹುಡುಕಿದರೂ ಅದರ ಜಾಗ ಸಿಗಲಿಲ್ಲ. ಅತ್ತಿಗೆ ಅದು ತಮ್ಮ ತಪ್ಪಲ್ಲವೆಂದು ವಾದಿಸಿದರು.

ಆಮೇಲೆ ಅರ್ಧ ನೀರು ಅರ್ಧ ಕೂಲೆಂಟ್ ಬೆರೆಸಿ ತುಂಬಿಸಿದ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿಟ್ಟೇ ಎಂಜಿನ್ ಓಡಿಸಿದ. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರಬೇಕು, ಬಂದಷ್ಟೂ ಮತ್ತೆ ತುಂಬಿಸಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಮತ್ತೆ ಕೈಪಂಪು ಹಚ್ಚಿದ. ಅರ್ಧ ಗಂಟೆ ಇಬ್ಬರೂ ಮುಳ್ಳನ್ನೇ ನೋಡುತ್ತ ನಿಂತರು. ಅದು ಅಲುಗಲಿಲ್ಲ.

"ಈಗ ಒಳಗೆ ಹೋಗಿ ನೋಡಿ," ಎಂದ ಅವನು.

ಅತ್ತಿಗೆ ಹತ್ತಿ ಬಾಗಿಲು ಎಳೆದುಕೊಂಡರು. ಗಾಜಿನ ಆಚೆ ಅವರು ಕಣ್ಣು ಮುಚ್ಚಿ ಉಸಿರೆಳೆಯುವುದು ಕಾಣುತ್ತಿತ್ತು. ಬಹಳ ಹೊತ್ತು ಕೂತಿದ್ದರು. ಅವನು ಅವಸರ ಮಾಡಲಿಲ್ಲ. ಇಳಿದು ಬಂದು, "ಬರೀ ಸೋಪು," ಎಂದರು.

ಸಂಜೆ ವ್ಯಾನಮ್ಮ ಬಂದಾಗ ಮೂವರೂ ವ್ಯಾನಿನಲ್ಲಿ ಟ್ಯಾಂಕಿನ ಏರು ಹತ್ತಿದರು. ಮೇಲೆ ನಿಲ್ಲಿಸಿ ನೋಡಿದರೆ ಮುಳ್ಳು ನಡುಮಧ್ಯದಲ್ಲಿತ್ತು. ಹೀಟರಿನ ಬಿಸಿಗಾಳಿ ಮೂವರ ಮೊಣಕಾಲಿಗೂ ಬಡಿಯುತ್ತಿತ್ತು. ವ್ಯಾನಮ್ಮ ಗಾಜಿನ ಮೇಲೆ ಬೆರಳೆಳೆದಳು, ಜಿಡ್ಡಿರಲಿಲ್ಲ. "ಆ ತಾತನ ಹತ್ರ ಕ್ಷಮೆ ಕೇಳ್ಬೇಕು ನಾನು," ಎಂದಳು. ಇಳಿಯುವಾಗ ಅವನನ್ನು ಗ್ಯಾರೇಜಿನ ಬಳಿ ಬಿಟ್ಟಳು. ಅತ್ತಿಗೆಯ ಮನೆ ಅವಳ ದಾರಿಯಲ್ಲೇ ಇತ್ತು.

"ಎಂಟು ಗಂಟೆಗೆ ತಟ್ಟೆ ಹಾಕ್ತೀನಿ," ಎಂದರು ಅತ್ತಿಗೆ ಕಿಟಕಿಯಿಂದ.

ಅವನು ಹೋದ. ಕೈಕಾಲು ತೊಳೆದು ಎಂಟಕ್ಕೆ ಐದು ನಿಮಿಷವಿರುವಾಗ ಬಾಗಿಲ ಬಳಿ ನಿಂತಿದ್ದ. ಹಾಕಿದ್ದು ಎರಡೇ ತಟ್ಟೆ. ಅಣ್ಣ ಕೂರುತ್ತಿದ್ದ ಗೋಡೆಯ ಬದಿ ಖಾಲಿಯಿತ್ತು. ಇಬ್ಬರೂ ಒಮ್ಮೊಮ್ಮೆ ಆ ಕಡೆ ನೋಡಿದರು. ಅತ್ತಿಗೆ ಬಡಿಸಿದರು. ಅವನು ಮೊದಲಿನಷ್ಟಲ್ಲದಿದ್ದರೂ ಉಂಡ.

"ಸೋಮವಾರ ಯಾವ ಗಾಡಿ ಇದೆ?" ಅತ್ತಿಗೆ ಕೇಳಿದರು.

"ಒಂದ್ ಜೀಪ್ ಬರುತ್ತೆ. ಬ್ರೇಕ್ ಒತ್ತಿದ್ರೆ ಒಂದು ಕಡೆಗೆ ಎಳೆಯುತ್ತಂತೆ."

"ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ."

"ಒಂಬತ್ತೂವರೆ ಮಾಡ್ಕೋ. ಬೆಳಗ್ಗೆ ನಂಗೆ ಮಂಡಿ ಹಿಡ್ಕೊಂಡಿರುತ್ತೆ."

"ಆಯ್ತು," ಎಂದ ಅವನು, ಇನ್ನೊಂದು ಸ್ವಲ್ಪ ಹಾಕಿಕೊಳ್ಳಲು ಕೈ ಚಾಚುತ್ತ.